ಜೋಳದ ಪ್ರೋಟೀನಿನ ವಿಳಾಸ ಕೇಳಲು ಡೆನ್ಮಾರ್ಕಿಗೆ

ಇಳಿದ ದಿನ

ಕೋಪನ್‌ಹೇಗನ್ ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ತೆರೆಸಿದ ತರುಣ ಅಧಿಕಾರಿ ಸ್ಟೀಲಿನ ಡಬ್ಬಿಯೊಂದನ್ನು ಎತ್ತಿ ಅಲುಗಾಡಿಸಿದ. ಒಳಗಿನಿಂದ ಒಡೆದ ಹಂಚಿನಂಥ ಸದ್ದು ಬಂತು. ನಮ್ಮಕ್ಕ ಎರಡು ದಿನ ಒಲೆ ಮುಂದೆ ಕೂತು ಬಡಿದು ಕೊಟ್ಟ ಖಡಕ್ ರೊಟ್ಟಿ ಅದು. ಕೇಶ್ವಾಪುರದ ಮನೆ ಬಿಟ್ಟಾಗ ದುಂಡಗಿದ್ದವು. ಮೂರು ವಿಮಾನ ಬದಲಿಸುವಷ್ಟರಲ್ಲಿ ಚೂರುಚೂರಾಗಿದ್ದವು.

"ಇದೇನು?" ಎಂದ.

"ಬ್ರೆಡ್ಡು" ಎಂದೆ.

ಒಂದು ಚೂರನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಕುಟ್ಟಿ ನೋಡಿ, ತುಂಬ ಮರ್ಯಾದೆಯಿಂದ "ಇದು ಕೆಟ್ಟಿರಬಹುದೇ?" ಎಂದು ಕೇಳಿದ. ಕೆಡಬಾರದೆಂದೇ ಹೀಗೆ ಒಣಗಿಸುತ್ತೇವೆ, ತಿಂಗಳುಗಟ್ಟಲೆ ಇರುತ್ತದೆ ಎಂದು ವಿವರಿಸಿದೆ. ನನ್ನ ಹಿಂದೆ ಸಾಲು ಬೆಳೆದಿತ್ತು. ಒಬ್ಬರೂ ಗೊಣಗಲಿಲ್ಲ. ಅದನ್ನು ಕಂಡೇ ನಾನು ಬೇರೆ ದೇಶಕ್ಕೆ ಬಂದದ್ದು ಖಾತ್ರಿಯಾಯಿತು.

ಧಾರವಾಡದ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷದಿಂದ ಜೀವರಸಾಯನಶಾಸ್ತ್ರ ಕಲಿಸುತ್ತಿದ್ದೇನೆ. ನಿವೃತ್ತಿಗೆ ಒಂದೇ ವರ್ಷ ಉಳಿದಿದೆ. ಇಷ್ಟು ದಿನ ದೇಶ ಬಿಟ್ಟು ಕದಲದವಳು ಈಗ ಹೊರಟದ್ದು ಊರು ನೋಡಲಿಕ್ಕಲ್ಲ, ಒಂದು ತಕರಾರು ಬಗೆಹರಿಸಲಿಕ್ಕೆ. ತಕರಾರು ಇದ್ದದ್ದು ನನಗೂ ನನ್ನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ಶಾಹೀನಳಿಗೂ. ಶಾಹೀನ್ ಹುಬ್ಬಳ್ಳಿಯ ಹುಡುಗಿ. ಅವಳ ತಂದೆ ಖಾಸೀಂಸಾಬರು ಪಂಪ್‌ಸೆಟ್ ರಿಪೇರಿ ಮಾಡುವವರು.

ಸಂಗತಿ ಇಷ್ಟು. ಹೆಬ್ಬಳ್ಳಿ ಕಡೆಯ ಬಿಳಿಜೋಳದ ಕಾಳಿನಲ್ಲಿ ಒಂದು ಪ್ರೋಟೀನ್ ಇದೆ. ತೆನೆಗೆ ಬೂಸ್ಟು ಹಿಡಿಯದಂತೆ ಅದು ಕಾಯುತ್ತದೆ. ಅದನ್ನು ಕಾಳಿನಿಂದ ಬೇರ್ಪಡಿಸಿ, ಅದರ ಅಮೈನೋ ಆಮ್ಲಗಳ ಸರಣಿಯನ್ನು ಓದಿದವಳು ನಾನು, ನನ್ನದೇ ಪಿಎಚ್.ಡಿ. ದಿನಗಳಲ್ಲಿ. ಪ್ರೋಟೀನ್ ಎಂದರೆ ಪೋಣಿಸಿದ ಮಣಿಸರ. ಮಣಿಗಳು ಇಪ್ಪತ್ತು ಬಗೆಯವು. ಯಾವುದರ ಪಕ್ಕ ಯಾವುದು ಎಂಬುದರ ಮೇಲೆ ಅದರ ಹಣೆಬರಹ. ಈಗಿನ ಕಾಲದಲ್ಲಿ ಆ ಸರಣಿಯನ್ನು ಕಂಪ್ಯೂಟರಿಗೆ ಕೊಟ್ಟರೆ, ಈ ಪ್ರೋಟೀನ್ ಜೀವಕೋಶದೊಳಗೇ ಉಳಿಯುತ್ತದೋ ಹೊರಗೆ ಹೋಗುತ್ತದೋ, ಎಲ್ಲಿ ತುಂಡಾಗುತ್ತದೆ, ಎಷ್ಟು ಹೊತ್ತು ಬಾಳುತ್ತದೆ ಎಂದು ಮುಂಚಿತವಾಗಿಯೇ ಹೇಳುತ್ತದೆ. ಜಾತಕ ನೋಡಿದ ಹಾಗೆ. ಆದರೆ ಇದು ಬಹಳ ಸಲ ಖರೆಯಾಗುತ್ತದೆ.

ನಮ್ಮ ಪ್ರೋಟೀನ್ ಕೋಶದ ಒಳಗೇ ಉಳಿಯುತ್ತದೆ ಎಂದು ಕಂಪ್ಯೂಟರ್ ಹೇಳಿತು. ಶಾಹೀನಳ ಪ್ರಯೋಗ ಬೇರೆ ಹೇಳಿತು. ಅವಳು ಹಾಲುಗಾಳನ್ನು ಕೂದಲೆಳೆಯಷ್ಟು ತೆಳ್ಳಗೆ ಸೀಳಿ, ಆ ಪ್ರೋಟೀನಿಗೆ ಮಾತ್ರ ಅಂಟುವ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಳು. ಬಣ್ಣ ಕಾಣುತ್ತಿದ್ದದ್ದು ಕೋಶದ ಹೊರಗೆ, ಅದರ ಗೋಡೆಯ ಮೇಲೆ.

"ತೊಳಿಯೂದು ಸರಿ ಇಲ್ಲ, ಬಣ್ಣ ಸೋರೈತಿ. ಕೈ ಸ್ವಚ್ಛ ಇಟ್ಕೊಂಡು ಮಾಡು" ಎಂದೆ.

ಮತ್ತೆ ಮಾಡಿದಳು. ಎರಡು ಹಂಗಾಮಿನಲ್ಲಿ ನಾಲ್ಕು ಸಲ. ನಾಲ್ಕೂ ಸಲ ಬಣ್ಣ ಹೊರಗೇ. ಕಡೆಯ ಸಲ ಮೆಲ್ಲಗೆ ಹೇಳಿದಳು: "ಮೇಡಂ, ನಂದ ತಪ್ಪಿರಬೇಕ್ರಿ. ಆದ್ರ ಕಂಪ್ಯೂಟರಿಗೆ ಕೊಟ್ಟ ಸರಣೀನೂ ಒಮ್ಮೆ ತಾಳೆ ಹಾಕಿ ನೋಡೂಣೇನ್ರಿ? ಈಗ ಜೋಳದ ಜೀನೆಲ್ಲಾ ಓದಿ ಇಟ್ಟಾರ. ಹುಡುಕಿದ್ರ ಸಿಗತೈತಿ."

"ಆ ಸರಣಿ ನಾ ಕೈಯಾರೆ ಓದೇನಿ, ಒಂದೊಂದ ಮಣಿ. ನೀ ಹುಟ್ಟೂಕಿಂತ ಮೊದಲ. ಆ ಅಧ್ಯಾಯ ತಗದುಬಿಡು. ಉಳದ ಮೂರು ಸಾಕು ನಿನ್ನ ಪದವಿಗೆ."

ಪದವಿಗೆ ಸಾಕು ನಿಜ. ಆದರೆ ಹೊಸದೇನಾದರೂ ಇದ್ದದ್ದು ಆ ಅಧ್ಯಾಯದಲ್ಲೇ, ಅವಳ ಮೂರು ವರ್ಷವೂ ಅದರಲ್ಲೇ ಇತ್ತು. ಅದೂ ಅಲ್ಲದೆ ಶಾಹೀನಳ ಕೈಕೆಲಸ ನಂಬುವಂತಿಲ್ಲ ಎಂಬ ಮಾತು ನಮ್ಮ ವಿಭಾಗದಲ್ಲಿ ಆಗಲೇ ಓಡಾಡುತ್ತಿತ್ತು. ಅದಕ್ಕೆ ಕಾಲು ಕೊಟ್ಟವಳೂ ನಾನೇ. ಪ್ರಬಂಧ ಒಪ್ಪಿಸಲು ಎರಡು ವಾರವಿದ್ದಾಗ, ಇಂಥ ಪ್ರೋಗ್ರಾಂ ಬರೆಯುವವರೇ ನಡೆಸುವ ಕಮ್ಮಟಕ್ಕೆ ನಾನು ಹೊರಡುವ ದಿನ ಬಂತು. ಅವರ ಬಾಯಿಂದಲೇ ಹೇಳಿಸಿಕೊಂಡು ಬಂದರೆ ಹುಡುಗಿಗೆ ಸಮಾಧಾನವಾದೀತು ಎಂದುಕೊಂಡೆ. ಪ್ರಬಂಧದ ಪ್ರಮಾಣಪತ್ರಕ್ಕೆ ಸಹಿ ಹಾಕಿಟ್ಟು ವಿಮಾನ ಹತ್ತಿದೆ. ನಾನು ಸೋಲಬಹುದೆಂಬ ವಿಚಾರ ತಲೆಯ ಹತ್ತಿರವೂ ಸುಳಿಯಲಿಲ್ಲ.

ಸೋಮವಾರ

ಕಮ್ಮಟವಿದ್ದದ್ದು ಕೋಪನ್‌ಹೇಗನ್ನಿನಿಂದ ಅರ್ಧ ತಾಸಿನ ರೈಲು ಹಾದಿಯ ಸಣ್ಣ ಊರಿನಲ್ಲಿ. ರೈಲಿನಲ್ಲಿ ಕೂತು ಅಕ್ಕನಿಗೆ ಫೋನು ಹಚ್ಚಿ, ರೊಟ್ಟಿಯ ಸುದ್ದಿ ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. ಅಕ್ಕನಿಗೆ ಕಿವಿ ಸ್ವಲ್ಪ ದೂರ, ಕೂಗಿಯೇ ಹೇಳಬೇಕು. ಎದುರಿಗಿದ್ದ ಹೆಂಗಸು ನಕ್ಕು ಕಿಟಕಿಯ ಕಡೆ ಬೆರಳು ತೋರಿಸಿದಳು. ಹೊರಗೆ ಏನೋ ನೋಡು ಅನ್ನುತ್ತಿದ್ದಾಳೆಂದು ನಾನೂ ಬಗ್ಗಿ ನೋಡಿದೆ, ಹೊಲ ಇತ್ತು, "ಛಂದ ಐತಿ" ಎನ್ನುವಂತೆ ತಲೆಯಾಡಿಸಿದೆ. ಇಳಿಯುವಾಗ ಗಾಜಿಗೆ ಅಂಟಿಸಿದ ಚೀಟಿ ಕಂಡಿತು. ಅದು ಮಾತಾಡಬಾರದ ಬೋಗಿಯಂತೆ. ಹುಬ್ಬಳ್ಳಿ ಧಾರವಾಡ ನಡುವಿನ ಬಸ್ಸಿನಲ್ಲಿ ಇಂಥದೊಂದು ಚೀಟಿ ಅಂಟಿಸಿದರೆ ಮೊದಲು ಇಳಿಯಬೇಕಾದವನು ಕಂಡಕ್ಟರನೇ.

ಏಪ್ರಿಲ್ ತಿಂಗಳು. ನಮ್ಮಲ್ಲಿ ಹಂಚು ಕಾದಂಥ ಬಿಸಿಲು, ಅಲ್ಲಿ ಸ್ವೆಟರಿನ ಮೇಲೊಂದು ಸ್ವೆಟರ್. ಆ ಚಳಿಯಲ್ಲಿ ಚಹದಂಗಡಿಯ ಹೊರಗೆ ಕೂಸಿನ ಗಾಡಿಗಳು ಸಾಲಾಗಿ ನಿಂತಿದ್ದವು. ಬಗ್ಗಿ ನೋಡಿದರೆ ಒಳಗೆ ಖರೇ ಕೂಸುಗಳು, ಗಡದ್ದಾಗಿ ಮಲಗಿವೆ. ತಾಯಂದಿರು ಒಳಗೆ ಕಾಫಿ ಕುಡಿಯುತ್ತ ಕೂತಿದ್ದಾರೆ. ತಣ್ಣನೆ ಗಾಳಿಗೆ ಕೂಸು ಚೆನ್ನಾಗಿ ನಿದ್ದೆ ಮಾಡುತ್ತದೆ ಎಂಬುದು ಅವರ ನಂಬಿಕೆ. ನಮ್ಮಲ್ಲಾದರೆ ಆ ತಾಯಿಗೆ ಓಣಿಯ ಮುದುಕಿಯರೆಲ್ಲ ಸೇರಿ ಬುದ್ಧಿ ಹೇಳುತ್ತಿದ್ದರು. ಇದನ್ನೆಲ್ಲ ನೋಡುತ್ತ ಸೈಕಲ್ಲಿನ ಹಾದಿಯಲ್ಲಿ ನಿಂತುಬಿಟ್ಟಿದ್ದೆ. ಗಂಟೆ ಬಾರಿಸಿಕೊಂಡು ಬಂದ ಅಜ್ಜಿಯೊಬ್ಬಳು ಬೈದು ಮುಂದೆ ಹೋದಳು. ಭಾಷೆ ತಿಳಿಯಲಿಲ್ಲ, ಬೈಗುಳ ತಿಳಿಯಿತು.

ಕಮ್ಮಟದ ಮುಖ್ಯಸ್ಥೆ ಬಿರ್ಗಿಟ, ಅರವತ್ತರ ಆಸುಪಾಸಿನ ಹೆಂಗಸು. ನಮ್ಮ ಪ್ರೋಟೀನಿನ ಜಾತಕ ಹೇಳಿದ ಪ್ರೋಗ್ರಾಂ ಬರೆದವರಲ್ಲಿ ಅವಳೂ ಒಬ್ಬಳು. ನಾನು "ಮೇಡಂ" ಎಂದಾಗ ಯಾರನ್ನು ಕರೆದೆನೆಂದು ಹಿಂದೆ ತಿರುಗಿ ನೋಡಿದಳು. ಅಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು. ಅವಳು ಪಾಠ ಹೇಳುತ್ತಿದ್ದಾಗ ಅವಳದೇ ವಿದ್ಯಾರ್ಥಿಯೊಬ್ಬ ಕೂತಲ್ಲಿಂದಲೇ "ಬಿರ್ಗಿಟ, ಆ ಚಿತ್ರ ತಪ್ಪು, ಉಲ್ಟಾ ಆಗಿದೆ" ಎಂದ. ಅವಳು ತಿರುಗಿ ನೋಡಿ "ಹೌದಲ್ಲ" ಎಂದು ಸರಿಮಾಡಿ ಮುಂದುವರಿದಳು. ಪಾಠ ಮುಗಿದ ಮೇಲೆ ಅವನನ್ನು ಕರೆದು ಬೈಯಬಹುದೆಂದು ಕಾದೆ. ಇಬ್ಬರೂ ಕೂಡಿ ಊಟಕ್ಕೆ ಹೋದರು.

ಮಂಗಳವಾರ

ಬೆಳಿಗ್ಗೆ ಚಹದ ಮೇಜಿನ ಮೇಲೆ ದೊಡ್ಡ ಕೇಕು. ಯಾರ ಹುಟ್ಟುಹಬ್ಬ ಎಂದು ಕೇಳಿದೆ.

"ಯಾರದೂ ಅಲ್ಲ. ಸೋರೆನ್ ತಪ್ಪು ಮಾಡಿದ್ದಾನೆ" ಎಂದಳು ಬಿರ್ಗಿಟ.

ಸೋರೆನ್ ಎಂದರೆ ಅಲ್ಲಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು, ಆರೂವರೆ ಅಡಿಯ ಆಳು. ಹಿಂದಿನ ವಾರ ಎಲ್ಲರೂ ಬಳಸುವ ಒಂದು ಪಟ್ಟಿಯನ್ನು ಅಳಿಸಿಹಾಕಿದ್ದನಂತೆ. ಅಲ್ಲಿಯ ರೂಢಿ ಹಾಗೆ: ಕೆಲಸದಲ್ಲಿ ಎಡವಿದವರು ಕೇಕು ತರಬೇಕು, ಕತ್ತರಿಸುವಾಗ ಏನು ಮಾಡಿದೆ ಎಂದು ಎಲ್ಲರೆದುರು ಹೇಳಬೇಕು. ಸೋರೆನ್ ಹೇಳಿದ, ಉಳಿದವರು ನಕ್ಕರು, ಕೇಕು ಖಾಲಿಯಾಯಿತು. ನಮ್ಮಲ್ಲಿ ತಪ್ಪಿಗೆ ಮೆಮೊ ಇದೆ, ಮೆಮೊಗೆ ಉತ್ತರ ಇದೆ, ಉತ್ತರದಲ್ಲಿ ಇನ್ನೊಬ್ಬರ ಹೆಸರಿದೆ. ಕೇಕಿನ ಪದ್ಧತಿ ತಂದರೆ ನಮ್ಮ ವಿಭಾಗಕ್ಕೆಲ್ಲ ಸಕ್ಕರೆ ಕಾಯಿಲೆ ಗ್ಯಾರಂಟಿ. ಹೀಗೆಂದು ಮನಸ್ಸಿನಲ್ಲೇ ನಗುತ್ತ ನಾನೂ ಎರಡು ತುಂಡು ತಿಂದೆ.

ಪ್ರತಿಯಾಗಿ ಮಧ್ಯಾಹ್ನ ರೊಟ್ಟಿಯ ಚೂರು, ಶೇಂಗಾ ಚಟ್ನಿ ಮುಂದಿಟ್ಟೆ. ಅವರು ಚೂರಿನ ಮೇಲೆ ಬೆಣ್ಣೆ ಸವರಿ, ಅದರ ಮೇಲೆ ಚೀಸು ಹಾಕಿ, ಅದರ ಮೇಲೆ ಚಟ್ನಿ ಉದುರಿಸಿಕೊಂಡು ತಿಂದರು. ಸೋರೆನ್ನನ ಕಣ್ಣು ಮೂಗಿನಲ್ಲಿ ನೀರು ಇಳಿಯಿತು, ಆದರೂ ಡಬ್ಬಿಯಿಂದ ಕೈ ತೆಗೆಯಲಿಲ್ಲ. ಅಕ್ಕನಿಗೆ ಹೇಳಲು ಇದೊಂದು ಸುದ್ದಿಯಾಯಿತು.

ಬುಧವಾರ

ಅವತ್ತು ಪ್ರತಿಯೊಬ್ಬರೂ ತಮ್ಮ ತಮ್ಮ ಪ್ರೋಟೀನಿನ ಭವಿಷ್ಯ ನೋಡುವ ದಿನ. ಬಿರ್ಗಿಟ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಸರಣಿ ಹಾಕಿದೆ. ಒಳಗೇ ಉಳಿಯುತ್ತದೆ ಎಂದು ಮತ್ತೆ ಬಂತು. ನನ್ನ ವಿದ್ಯಾರ್ಥಿನಿ ಇದನ್ನು ಒಪ್ಪುತ್ತಿಲ್ಲ, ನೀವೇ ಒಂದು ಮಾತು ಹೇಳಿಬಿಡಿ ಎಂದೆ.

"ಅವಳ ಚಿತ್ರ ಇದೆಯೇ?" ಎಂದಳು. ಲ್ಯಾಪ್‌ಟಾಪಿನಲ್ಲಿದ್ದ ನಾಲ್ಕೂ ಸಲದ ಚಿತ್ರ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಮುಖ ಹತ್ತಿರ ಒಯ್ದು ಬಹಳ ಹೊತ್ತು ನೋಡಿದಳು.

"ಎಂಥ ಶುದ್ಧ ಕೆಲಸ! ಇವಳನ್ನು ಯಾಕೆ ನಂಬುತ್ತಿಲ್ಲ?"

"ನಿಮ್ಮ ಪ್ರೋಗ್ರಾಂ ಬೇರೆ ಹೇಳುತ್ತದಲ್ಲ."

ಬಿರ್ಗಿಟ ನಕ್ಕಳು. "ಅದು ನೀವು ಕೊಟ್ಟದ್ದನ್ನಷ್ಟೇ ಓದುತ್ತದೆ. ಜೋಳದ ಕಾಳು ನೋಡಿದವಳು ಇವಳು." ಆಮೇಲೆ ಕೇಳಿದಳು: "ಈ ಸರಣಿಯನ್ನು ಜೀನಿನಿಂದ ತೆಗೆದಿರೋ, ಕಾಳಿನಿಂದಲೋ?"

"ಕಾಳಿನಿಂದ. ನಾನೇ ಓದಿದ್ದು."

"ಹಾಗಾದರೆ ಇಲ್ಲಿರುವ ಮೊದಲ ಮಣಿ, ಈ ಮೆಥಿಯೊನೀನ್, ಇದನ್ನು ಕಾಳಿನಲ್ಲಿ ಕಂಡಿರಾ?"

ಹೌದು ಎನ್ನಲು ಬಾಯಿ ತೆರೆದೆ. ಆಗ ನೆನಪಾಯಿತು. ಆಗ ಸರಣಿ ಓದಲು ಬಳಸಿದ ಯಂತ್ರ ತೋರಿಸಿದ ಮೊದಲ ಮಣಿ ಅಲನೀನ್. ಮೆಥಿಯೊನೀನನ್ನು ಅದರ ತಲೆಯ ಮೇಲೆ ಇಟ್ಟವಳು ನಾನು, ಬರೆಯುವಾಗ. ನಮ್ಮಪ್ಪ ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದರು. ಮೇಲೊಂದು ಶ್ರೀ ಬರೆಯದೆ ಅವರು ಯಾವ ಕಾಗದಕ್ಕೂ ಪೆನ್ನು ತಾಗಿಸುತ್ತಿರಲಿಲ್ಲ. ನಾವು ಮಕ್ಕಳು ಪರೀಕ್ಷೆಯ ಉತ್ತರ ಪತ್ರಿಕೆಯಿಂದ ಕಿರಾಣಿ ಚೀಟಿಯವರೆಗೆ ಎಲ್ಲಕ್ಕೂ ಶ್ರೀ ಹಾಕಿ ಬೆಳೆದವರು. ಪ್ರತಿ ಪ್ರೋಟೀನೂ ಹುಟ್ಟುವಾಗ ಮೆಥಿಯೊನೀನಿನಿಂದ ಶುರುವಾಗುತ್ತದೆ ಎಂದು ಪುಸ್ತಕದಲ್ಲಿತ್ತು. ಅಲನೀನಿನಿಂದ ಶುರುವಾದ ನನ್ನ ಸರಣಿ ಶ್ರೀ ಇಲ್ಲದ ಕಾಗದದಂತೆ ಬೋಳುಬೋಳು ಕಂಡಿತ್ತು. ಹಾಕಿಬಿಟ್ಟೆ. ತಲೆಯ ಮೇಲೆ ಮೆಥಿಯೊನೀನ್ ಇದ್ದದ್ದಕ್ಕೆ ಸರಣಿ ಪೂರ್ತಿಯಾಗಿ ಕಂಡಿತು, ಇಷ್ಟು ವರ್ಷ ಯಾರೂ ಕೇಳಲಿಲ್ಲ. ನಾನೂ ಅದನ್ನು ಕಂಡದ್ದೇ ಖರೆ ಎಂದು ನಂಬಿಕೊಂಡು ಬಂದೆ.

"ಇಲ್ಲ, ನಾನೇ ಬರೆದದ್ದು" ಎಂದೆ.

ಬಿರ್ಗಿಟ ಜೋಳದ ಜೀನುಗಳ ಪಟ್ಟಿ ತೆರೆದು ನನ್ನ ಸರಣಿಯನ್ನು ಹುಡುಕಿದಳು. ಅವಳು ಕಾಫಿ ತಂದು ಕೂಡುವಷ್ಟರಲ್ಲಿ ಸಿಕ್ಕಿತು. ಪೂರ್ತಿ ಸರಣಿಯಲ್ಲಿ ನನ್ನ ಅಲನೀನಿಗಿಂತ ಮುಂಚೆ ಇನ್ನೂ ಇಪ್ಪತ್ನಾಲ್ಕು ಮಣಿಗಳಿದ್ದವು. ಆ ಇಪ್ಪತ್ನಾಲ್ಕೇ ವಿಳಾಸ. ಅದನ್ನು ಓದಿಯೇ ಕೋಶವು ಪ್ರೋಟೀನನ್ನು ಹೊರಗೆ ಸಾಗಿಸುತ್ತದೆ. ಹೊರಡುವ ಹಾದಿಯಲ್ಲೇ ವಿಳಾಸವನ್ನು ಕತ್ತರಿಸಿ ಬಿಸಾಡುತ್ತದೆ. ಹತ್ತಿಯ ಅಂಡಿಗೆಗೆ, ಅಂದರೆ ಒತ್ತಿ ಕಟ್ಟಿದ ಮೂಟೆಗೆ, ಹೊದಿಸಿದ ಗೋಣಿಯ ಮೇಲೆ ಇಂಥ ಮಿಲ್ಲಿಗೆ ಎಂದು ಬರೆದಿರುತ್ತದೆ. ಮಿಲ್ಲಿನವರು ಗೋಣಿ ಹರಿದೊಗೆದು ಹತ್ತಿ ಒಳಗೆ ಒಯ್ಯುತ್ತಾರೆ. ನಾನು ಮಿಲ್ಲಿನೊಳಗಿನ ಹತ್ತಿಯನ್ನು ನೋಡಿ, ಇದರ ಮೇಲೆ ಊರ ಹೆಸರಿಲ್ಲ, ಆದ್ದರಿಂದ ಇದು ಮನೆಯನ್ನೇ ಬಿಟ್ಟಿಲ್ಲ ಎಂದು ತೀರ್ಪು ಕೊಟ್ಟಿದ್ದೆ.

ಪೂರ್ತಿ ಸರಣಿ ಕೊಟ್ಟಾಗ ಪ್ರೋಗ್ರಾಂ ಹೇಳಿತು: ಹೊರಗೆ ಹೋಗುತ್ತದೆ. ಶಾಹೀನಳ ಸೀಳುಗಳು ನಾಲ್ಕು ಸಲ ಹೇಳಿದ್ದೂ ಅದನ್ನೇ.

ನಾಚಿಕೆಯಾಯಿತು. ನನ್ನ ಹಳೆಯ ಲೇಖನ ತಿದ್ದಬೇಕಾದೀತು, ನಿವೃತ್ತಿಯ ಹೊಸ್ತಿಲಲ್ಲಿ ನಾಲ್ಕು ಜನ ಆಡಿಕೊಂಡಾರು ಎಂಬುದು ಮೊದಲು ಹೊಳೆಯಿತು, ಶಾಹೀನ್ ಆಮೇಲೆ ನೆನಪಾದಳು. ಆ ಅನುಕ್ರಮ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ನಾಳೆ ಕೇಕು ನಿಮ್ಮದು" ಎಂದು ಬಿರ್ಗಿಟ ಬೆನ್ನು ತಟ್ಟಿ ಎದ್ದಳು.

ಗುರುವಾರ

ಬೇಕರಿಯಲ್ಲಿ ಗಲ್ಲೆಯ ಮುಂದೆ ನಿಂತೇ ನಿಂತೆ. ನನ್ನ ಹಿಂದೆ ಬಂದ ಮೂವರು ಕೇಕು ಒಯ್ದರು. ಬಾಗಿಲ ಬಳಿಯ ಯಂತ್ರದಿಂದ ನಂಬರಿನ ಚೀಟಿ ಹರಿದುಕೊಳ್ಳಬೇಕೆಂದು ನನಗೇನು ಗೊತ್ತು. ಕೊನೆಗೆ ಅಂಗಡಿಯವಳೇ ಹೊರಬಂದು ಚೀಟಿ ಹರಿದು ಕೈಗೆ ಕೊಟ್ಟು, ಮತ್ತೆ ಒಳಗೆ ಹೋಗಿ ನಿಂತು, ಆ ನಂಬರನ್ನು ಕೂಗಿದಳು.

ಕೇಕು ಕತ್ತರಿಸುತ್ತ ಎಲ್ಲ ಹೇಳಿದೆ. ಅಪ್ಪನ ಶ್ರೀಯನ್ನೂ ಸೇರಿಸಿ. ಬಿದ್ದುಬಿದ್ದು ನಕ್ಕರು, ನಾನೂ ನಕ್ಕೆ. ಸೋರೆನ್ ಚಪ್ಪಾಳೆ ತಟ್ಟಿದ. ಇಷ್ಟು ಸಲೀಸೆಂದು ಗೊತ್ತಿದ್ದರೆ ಮೊದಲೇ ನಾಲ್ಕು ತಪ್ಪು ಒಪ್ಪಿಕೊಳ್ಳುತ್ತಿದ್ದೆ ಅನ್ನಿಸಿತು.

"ಶಾಹೀನ್ ಏನಂದಳು?" ಎಂದು ಬಿರ್ಗಿಟ ಕೇಳಿದಳು.

"ಅವಳಿಗಿನ್ನೂ ಹೇಳಿಲ್ಲ. ಊರಿಗೆ ಹೋದ ಮೇಲೆ ಹೇಳಬೇಕು."

ಅವಳು ತಟ್ಟೆಯನ್ನು ಕೆಳಗಿಟ್ಟಳು. "ಹಾಗಾದರೆ ಈ ಕೇಕನ್ನು ನಾವು ಯಾಕೆ ತಿನ್ನುತ್ತಿದ್ದೇವೆ?"

ಹೊರಗೆ ಬಂದು ಕಲ್ಲುಬೆಂಚಿನ ಮೇಲೆ ಕೂತು ಫೋನು ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಆ ಗಾಳಿಯಲ್ಲಿ ಕಿವಿ ಕತ್ತರಿಸಿ ಹೋಗುವಂತಿತ್ತು. ಅಲ್ಲಿ ಮಧ್ಯಾಹ್ನ ನಾಲ್ಕು, ಹುಬ್ಬಳ್ಳಿಯಲ್ಲಿ ಸಂಜೆ ಏಳೂವರೆ. ಸ್ವಲ್ಪ ಹೊತ್ತಿಗೆ ಅವಳೇ ಮಾಡಿದಳು.

"ಶಾಹೀನ್, ಆ ಅಧ್ಯಾಯ ತಗೀಬ್ಯಾಡ."

"ತಗದೇನ್ರಿ ಮೇಡಂ. ಬೈಂಡ್ ಮಾಡಿಸಿ ನಿನ್ನೆ ಕೊಟ್ಟೂ ಬಂದೇನಿ."

"ಇನ್ನೂ ಹತ್ತ ದಿನ ಇತ್ತಲ್ಲ?"

"ಇಟ್ಕೊಂಡ ಏನ್ ಮಾಡೂದ್ರಿ. ನಿಮ್ಮ ಸಹಿ ಆಗಿತ್ತು."

ನಡೆದದ್ದನ್ನೆಲ್ಲ ಹೇಳಿದೆ. ಮೆಥಿಯೊನೀನ್ ನಾನು ಬರೆದದ್ದು, ಅದರ ಜಾಗದಲ್ಲಿ ವಿಳಾಸ ಇದ್ದದ್ದು, ಅದು ಬಿಟ್ಟುಹೋದದ್ದಕ್ಕೆ ಕಂಪ್ಯೂಟರ್ ತಪ್ಪು ಹೇಳಿದ್ದು.

"ಎಷ್ಟು ಮಣಿ ಬಿಟ್ಟಿದ್ವು, ಇಪ್ಪತ್ನಾಕೇನ್ರಿ?" ಎಂದಳು ಕೊನೆಗೆ.

"ಹೌದು. ನಿನಗ ಹೆಂಗ ಗೊತ್ತು?"

"ನಾನೂ ಎಣಿಸಿದ್ನಿರಿ. ಹೋದ ವರ್ಷ ದೀಪಾವಳಿ ಸೂಟಿಯೊಳಗ. ಪ್ರಿಂಟ್ ತಗೊಂಡು ತೋರ್ಸಾಕ ಬಂದಿದ್ನಿ. ಮೊದಲ ಕೈ ಸ್ವಚ್ಛ ಮಾಡ್ಕೊಂಡು ಸೀಳು ಮಾಡು, ಆಮ್ಯಾಲ ಕಾಗದ ತಾ ಅಂದ್ರಿ."

ನನಗೆ ಅದು ನೆನಪೂ ಇರಲಿಲ್ಲ. ಅವಳು ಕೋಪದಿಂದ ಹೇಳಲಿಲ್ಲ. ಯಾವ ದಿನ ಎಷ್ಟು ಹೊತ್ತಿಗೆ ಬಣ್ಣ ಹಾಕಿದೆ ಎಂದು ವರದಿ ಕೊಡುವ ಅದೇ ದನಿಯಲ್ಲಿ ಹೇಳಿದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಪ್ರಬಂಧ ವಾಪಸ್ ತಗೊಳ್ಳೂಣು" ಎಂದೆ. "ವಿಶ್ವವಿದ್ಯಾಲಯಕ್ಕ ನಾ ಇವತ್ತ ಬರೀತೇನಿ. ಅಧ್ಯಾಯ ಸೇರಿಸಿ ಮತ್ತ ಕೊಡೂಣು."

"ಏನಂತ ಬರೀತೀರಿ?"

"ತಾಂತ್ರಿಕ ಕಾರಣದಿಂದ ಒಂದು ಅಧ್ಯಾಯ ಬಿಟ್ಟುಹೋಗಿತ್ತು ಅಂತ."

ಫೋನಿನ ಆ ಕಡೆ ಎಲ್ಲೋ ಕುಕ್ಕರಿನ ಸೀಟಿ ಕೇಳಿತು.

"ಹಂಗ ಬರದ್ರ ತಪ್ಪು ನಂದು ಅಂತ ತಿಳೀತಾರ್ರಿ, ಮೇಡಂ."

ಅದು ನನಗೂ ಗೊತ್ತಿತ್ತು. ಮೂವತ್ತು ವರ್ಷದ ನೌಕರಿಯಲ್ಲಿ ತಾಂತ್ರಿಕ ಕಾರಣ ಎಂಬ ಆ ಎರಡು ಶಬ್ದ ನನ್ನ ನಾಲಿಗೆಯ ತುದಿಗೆ ತಾವಾಗಿಯೇ ಬರುತ್ತವೆ. ಕಮ್ಮಟದವರು ಕೊಟ್ಟ ನೋಟ್‌ಪುಸ್ತಕ ತೆರೆದೆ. "ತಡಿ, ಬರದು ಓದತೇನಿ" ಎಂದೆ. ಚಳಿಗೆ ಬೆರಳು ಸೆಟೆದು ಅಕ್ಷರ ಮೂಡುತ್ತಿರಲಿಲ್ಲ. ಎರಡು ಸಾಲು ಬರೆದು ಹೊಡೆದುಹಾಕಿದೆ, ಮತ್ತೆ ಬರೆದೆ. ಅವಳು ಫೋನು ಇಡದೆ ಕಾದಳು. ಆಮೇಲೆ ಓದಿದೆ:

"ಈ ಪ್ರೋಟೀನಿನ ಸರಣಿಯ ಮೊದಲ ಮಣಿಯನ್ನು ನಾನು ಕಾಳಿನಲ್ಲಿ ಕಾಣದೆಯೇ ಬರೆದೆ. ಅಲ್ಲಿರಬೇಕಾದ ಇಪ್ಪತ್ನಾಲ್ಕು ಮಣಿಗಳನ್ನು ನನ್ನ ವಿದ್ಯಾರ್ಥಿನಿ ಶಾಹೀನ್ ಹುಡುಕಿ ತಂದಾಗ ನಾನು ನೋಡಲಿಲ್ಲ. ಅವಳ ಪ್ರಯೋಗಗಳು ಮೊದಲ ಸಲದಿಂದಲೂ ಸರಿಯಾಗಿದ್ದವು. ಅಧ್ಯಾಯವನ್ನು ತೆಗೆಸಿದವಳು ನಾನು, ತಪ್ಪು ನನ್ನದು."

"ಇನ್ನೊಮ್ಮೆ ಓದ್ರಿ" ಎಂದಳು ಶಾಹೀನ್.

"ಯಾಕ, ಕೇಳಿಸಲಿಲ್ಲೇನು?"

"ನನಗ ಕೇಳಿಸ್ತ್ರಿ. ಈಗ ಸ್ಪೀಕರ್ ಹಾಕೇನಿ. ಅಬ್ಬಾ ಇಲ್ಲೇ ಕುಂತಾರ. ನೀವು ಕೈ ಸ್ವಚ್ಛ ಇಟ್ಕೋ ಅಂದದ್ದ ಅವರಿಗೆ ಹೇಳಿದಾಗಿಂದ, ಎರಡು ವರ್ಷ ಆತು, ಕೆಲಸದಿಂದ ಬಂದ ಕೂಡ್ಲೇ ನನ್ನ ಕೈ ಹಿಡದು ನೋಡ್ತಾರ, ಏನ ಹೊಲಸ ಐತಿ ಅಂತ."

"ಓದ್ರಿ, ಬಾಯಾರ" ಎಂದು ಅವಳ ತಂದೆಯ ದನಿ ಕೇಳಿತು.

ನಾನು ಎದ್ದು ನಿಂತು ಮೊದಲಿನಿಂದ ಓದಿದೆ.